ಫ್ಯಾನಿಗೂ ಪಂಚಿಂಗಿಗೂ ಸಂಬಂಧ

ಫ್ಯಾನ್ ಹಾಕಬೇಕೋ ಬೇಡವೋ ಎಂದು ಅವನು ಹತ್ತು ನಿಮಿಷದಿಂದ ಯೋಚಿಸುತ್ತ ಕೂತಿದ್ದ. ಬೆವರು ಕಿವಿಯ ಹಿಂದಿನಿಂದ ಹೊರಟು ಕಾಲರಿನೊಳಗೆ ಇಳಿದು ಬೆನ್ನಿನ ನಡುವೆ ದಾರಿ ಹುಡುಕುತ್ತಿತ್ತು. ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಐವತ್ತೆರಡು ವರ್ಷದವನು, ಒಂಬತ್ತು ಜನಕ್ಕೆ ಕೆಲಸ ಕೊಟ್ಟವನು, ತಲೆನೋವಿನ ಮಾತ್ರೆಯಿಂದ ಹಿಡಿದು ಚಪ್ಪಲಿಯವರೆಗೆ ಊರಿನ ಅರ್ಧ ಸಾಮಾನಿಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವ ಕಾರ್ಖಾನೆಯ ಯಜಮಾನ, ತನ್ನದೇ ಕೋಣೆಯಲ್ಲಿ ತನ್ನದೇ ಫ್ಯಾನಿಗೆ ಹೆದರಿ ಕೂತಿದ್ದಾನೆ ಎನ್ನುವುದು ಹೊಳೆದು ಅವನಿಗೆ ಸಣ್ಣಗೆ ನಗು ಬಂತು. ನಕ್ಕರೆ ಅದೂ ಎಲ್ಲಾದರೂ ದಾಖಲಾದೀತೆಂದು ನಗುವನ್ನು ನುಂಗಿದ. ಫ್ಯಾನ್ ಹಾಕಿದರೆ ಅವನು ಕೋಣೆಯಲ್ಲಿದ್ದಾನೆ ಎಂದು ಬರೆಯಲಾಗುತ್ತದೆ. ಹಾಕದಿದ್ದರೆ ಕೆಳಗೆ ಹೋಗಿದ್ದಾನೆ ಎಂದು ಬರೆಯಲಾಗುತ್ತದೆ. ಫ್ಯಾನ್ ಹಾಕದೆ ಕೋಣೆಯಲ್ಲೇ ಕೂತ ಮನುಷ್ಯನ ವಿಷಯ ಆ ಡಬ್ಬಿಗೆ ಗೊತ್ತಾಗುವುದಿಲ್ಲ. ಅಷ್ಟರಮಟ್ಟಿಗೆ ಅದಕ್ಕೆ ಮೋಸ ಮಾಡಿದೆನೆಂದು ಒಂದು ಕ್ಷಣ ಗೆದ್ದವನ ಹಾಗೆ ಕುರ್ಚಿಗೆ ಒರಗಿದ. ಒರಗಿದ ಕೂಡಲೆ ಅಂಗಿ ಬೆನ್ನಿಗೆ ಅಂಟಿತು.

ಡಬ್ಬಿ ಎಂದರೆ ಡಬ್ಬಿಯೂ ಅಲ್ಲ, ಬೆಂಕಿಪೊಟ್ಟಣದಷ್ಟು ಗಾತ್ರದ ಬಿಳಿ ಸೆನ್ಸರ್. ಮೂರು ತಿಂಗಳ ಹಿಂದೆ ತಂಗಿ ಅವನ್ನು ತರಿಸಿದ್ದಳು. ಕಾರ್ಖಾನೆಯಲ್ಲಿ ಅವಳದ್ದೂ ಅರ್ಧ ಪಾಲು. ಗಿರಾಕಿಗಳ ಫೋನು, ಆರ್ಡರು, ಸಾಗಣೆ ಎಲ್ಲ ಅವಳದ್ದೇ. ಅವನ ಪಾಲಿಗೆ ಬಂದದ್ದು ಮೇಲ್ವಿಚಾರಣೆ. ಹಾಗೆಂದರೆ ಏನು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. "ಅಣ್ಣಾ, ಪ್ರತಿ ಸಲ ಮಾಲು ಎರಡು ದಿನ ತಡ ಆಗುತ್ತೆ. ಎಲ್ಲಿ ತಡ ಆಗ್ತಿದೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಂತ್ರಗಳನ್ನೇ ಕೇಳೋಣ," ಎಂದಿದ್ದಳು. ಯಂತ್ರವನ್ನು ಕೇಳುವುದೆಂದರೆ ಪ್ರತಿಯೊಂದರ ಮೈಗೂ ಒಂದೊಂದು ಸೆನ್ಸರ್ ಅಂಟಿಸುವುದು. ಯಂತ್ರ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು, ಎಷ್ಟು ಬಿಸಿಯಾಯಿತು ಎಂಬುದೆಲ್ಲ ಅದರಿಂದ ಮೊಬೈಲಿಗೆ ಬರುತ್ತಿತ್ತು. ಓಡಿದರೆ ಹಸಿರು ಪಟ್ಟಿ, ನಿಂತರೆ ಕೆಂಪು. ಇದೆಲ್ಲ ದೊಡ್ಡ ಕಂಪನಿಗಳ ಶೋಕಿ, ನಮ್ಮಂಥವರಿಗೆ ಎರಡು ಕಣ್ಣೇ ಸಾಕು ಎಂದು ಅವನು ವಾದಿಸಿದ್ದ. ಮೊದಲ ವಾರದಲ್ಲೇ ಗಾಳಿ ತುಂಬುವ ಕಂಪ್ರೆಸರ್ ಯಾರೂ ಇಲ್ಲದ ಭಾನುವಾರವೂ ಓಡುತ್ತಿದೆ, ಎಲ್ಲೋ ಪೈಪು ಸೋರುತ್ತಿದೆ ಎಂದು ಗೊತ್ತಾಯಿತು. ಎರಡನೆಯ ವಾರ, ಅಂಟು ಕಾಯಿಸುವ ಹೀಟರ್ ಊಟದ ಹೊತ್ತಿನಲ್ಲೂ ಸುಮ್ಮನೆ ಉರಿಯುತ್ತಿತ್ತೆಂದು. ನಾಲ್ಕನೆಯ ವಾರ, ಮಡಿಸುವ ಯಂತ್ರದ ಬೇರಿಂಗು ಕಾಯುತ್ತಿದೆ ಎಂದು ಮೊಬೈಲೇ ಎಚ್ಚರಿಸಿ, ಮುರಿದು ಬೀಳುವ ಮೊದಲೇ ಅದನ್ನು ಬದಲಾಯಿಸಿದ್ದಾಯಿತು. ಅವನ ಎರಡು ಕಣ್ಣು ಇಪ್ಪತ್ತೆಂಟು ವರ್ಷದಲ್ಲಿ ಕಾಣದ್ದನ್ನು ಆ ಪೊಟ್ಟಣಗಳು ನಾಲ್ಕು ವಾರದಲ್ಲಿ ಕಂಡಿದ್ದವು. ಅವನು ಎಷ್ಟು ಬೇಗ ಪಕ್ಷ ಬದಲಾಯಿಸಿದನೆಂದರೆ, ಮುಂದಿನ ವಾರ ಪಕ್ಕದ ಮುದ್ರಣಾಲಯದವನಿಗೆ "ನಾನೇ ಹಾಕಿಸಿದೆ. ಕಾಲದ ಜೊತೆ ಹೋಗ್ಬೇಕು ನೋಡಿ" ಎಂದು ಉಪದೇಶ ಮಾಡಿ, ಅವನಿಂದ ಚಹಾ ಕುಡಿಸಿಕೊಂಡು ಬಂದಿದ್ದ. ಸೆನ್ಸರ್ ಅಂಟಿಸಲು ಬಂದ ಎಂಜಿನಿಯರ್ ಹುಡುಗಿಯ ಕೈಯಲ್ಲಿ ಒಂದು ಉಳಿದಿತ್ತು. "ಸುಮ್ನೆ ನಿಮಗೆ ತೋರಿಸೋಕೆ ಸಾರ್" ಎಂದು ಅದನ್ನು ಅವನ ಕೋಣೆಯ ಫ್ಯಾನಿನ ಪ್ಲಗ್ಗಿಗೆ ಸಿಕ್ಕಿಸಿದ್ದಳು. ಮೊಬೈಲಿನಲ್ಲಿ ತನ್ನ ಫ್ಯಾನೂ ಒಂದು ಹಸಿರು ಗೆರೆಯಾಗಿ ಓಡುವುದನ್ನು ಕಂಡು ಅವನಿಗೆ ಮಗುವಿನ ಫೋಟೋ ನೋಡಿದಷ್ಟು ಖುಷಿಯಾಗಿತ್ತು.

ಆಮೇಲೆ ಸಿಕ್ಕಿದ್ದು ಪಂಚಿಂಗ್ ಯಂತ್ರದ ಕೆಂಪು. ಕಾರ್ಖಾನೆಯ ಹೊಟ್ಟೆ ಎಂದರೆ ಅದೇ. ಎರಡು ಉಕ್ಕಿನ ಹಲಗೆಗಳು ದೊಡ್ಡ ಪುಸ್ತಕದ ಹಾಗೆ ತೆರೆದು ಮುಚ್ಚುತ್ತವೆ. ತೆರೆದಾಗ ರಟ್ಟಿನ ಹಾಳೆ ಇಡಬೇಕು, ಮುಚ್ಚಿದಾಗ ಅದು ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುತ್ತದೆ, ಮತ್ತೆ ತೆರೆದಾಗ ತೆಗೆಯಬೇಕು. ಅಪ್ಪನ ಕಾಲದಿಂದಲೂ ಅದರ ಮುಂದೆ ನಿಂತವರು ಮೇಸ್ತ್ರಿ. ಅಪ್ಪ ಹೋಗಿ ಹನ್ನೊಂದು ವರ್ಷವಾದರೂ ಅವರು ಅವನನ್ನು 'ಚಿಕ್ಕ ಯಜಮಾನ್ರೇ' ಎಂದೇ ಕರೆಯುತ್ತಿದ್ದರು. ದೊಡ್ಡ ಯಜಮಾನರ ಜಾಗ ಖಾಲಿಯಿದ್ದರೂ ಅವನಿಗೆ ಬಡ್ತಿ ಸಿಕ್ಕಿರಲಿಲ್ಲ. ಆ ಯಂತ್ರ ದಿನಕ್ಕೆ ಹತ್ತು ಹನ್ನೊಂದು ಸಲ ನಿಲ್ಲುತ್ತಿತ್ತು, ಸಲಕ್ಕೆ ನಾಲ್ಕರಿಂದ ಒಂಬತ್ತು ನಿಮಿಷ. ಎಲ್ಲ ಸೇರಿಸಿದರೆ ದಿನದಲ್ಲಿ ಒಂದು ಗಂಟೆಗೂ ಹೆಚ್ಚು. ತಡ ಆಗುತ್ತಿದ್ದದ್ದು ಅಲ್ಲೇ. ಅದನ್ನು ಕಂಡಾಗ ತನಗೆ ಸಿಟ್ಟು ಬಂತೆಂದು ಅವನು ತಂಗಿಗೆ ಹೇಳಿದ. ನಿಜವಾಗಿ ಬಂದದ್ದು ಸಂತೋಷ, ಅದೂ ಹಳೇ ಮೇಷ್ಟರ ಕಾಗುಣಿತದಲ್ಲಿ ತಪ್ಪು ಕಂಡುಹಿಡಿದ ಹುಡುಗನ ಸಂತೋಷ. ಆ ದಿನ ಸ್ನಾನದ ಮನೆಯ ಕನ್ನಡಿಯ ಮುಂದೆ ಒಂದು ವಾಕ್ಯ ತಯಾರು ಮಾಡಿಕೊಂಡ: ಮನುಷ್ಯ ಸುಳ್ಳು ಹೇಳಬಹುದು ಮೇಸ್ತ್ರಿಗಳೇ, ಯಂತ್ರ ಹೇಳಲ್ಲ. 'ಯಂತ್ರ' ಎನ್ನುವಲ್ಲಿ ಸ್ವಲ್ಪ ನಿಲ್ಲಿಸಿದರೆ ಚೆನ್ನಾಗಿರುತ್ತದೆ ಎಂದು ಕಂಡುಕೊಂಡ. "ಯಾರ ಜೊತೆ ಮಾತಾಡ್ತಿದ್ದೀರಿ?" ಎಂದು ಹೆಂಡತಿ ಹೊರಗಿನಿಂದ ಕೇಳಿದಾಗ "ಫೋನಿನಲ್ಲಿ" ಎಂದ. ಅವನ ಫೋನು ಅವಳ ಪಕ್ಕದಲ್ಲೇ ಚಾರ್ಜಿಗೆ ಇತ್ತು.

ವಾಕ್ಯವನ್ನು ಎಲ್ಲರೆದುರಿಗೇ ಹೇಳಿದ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಒಂಬತ್ತು ಜನರನ್ನೂ ಪಂಚಿಂಗ್ ಸುತ್ತ ನಿಲ್ಲಿಸಿ, ಮೊಬೈಲನ್ನು ಮೇಸ್ತ್ರಿಯ ಕಣ್ಣೆದುರು ಹಿಡಿದು, 'ಯಂತ್ರ' ಎನ್ನುವಲ್ಲಿ ಮರೆಯದೆ ನಿಲ್ಲಿಸಿ ಹೇಳಿದ. ಮೇಸ್ತ್ರಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಕೆಂಪು ಪಟ್ಟಿಗಳನ್ನು ಒಂದೊಂದಾಗಿ ನೋಡಿದರು. "ಹೌದು, ನಿಂತಿದೆ," ಎಂದರು.

"ಯಾಕೆ ನಿಂತಿದೆ?"

"ನಿಲ್ಲಿಸಬೇಕಾಗಿತ್ತು, ನಿಲ್ಲಿಸಿದೆ."

"ಅದೇ ಯಾಕೆ ಅಂತ ಕೇಳ್ತಿರೋದು."

ಮೇಸ್ತ್ರಿ ಸುತ್ತ ನಿಂತಿದ್ದ ಎಂಟು ಮುಖಗಳನ್ನು ನೋಡಿ, ಆಮೇಲೆ ಅವನ ಮುಖ ನೋಡಿ, ಕನ್ನಡಕವನ್ನು ಮತ್ತೆ ಹಣೆಗೆ ಏರಿಸಿದರು.  ಆ ಮೌನವನ್ನು ಅವನು ತಪ್ಪೊಪ್ಪಿಗೆ ಎಂದುಕೊಂಡ. ಅವರಿಗೆ ವಯಸ್ಸಾಯಿತು, ಕೂತು ಮಾಡುವ ಕೆಲಸ ಆಗಲಿ ಎಂದು ಉದಾರಿಯ ಧ್ವನಿಯಲ್ಲಿ ಹೇಳಿ, ಅವರನ್ನು ಗೋಡೆಯ ಹತ್ತಿರದ ಅಂಟು ಹಚ್ಚುವ ಮೇಜಿಗೆ ಕಳಿಸಿದ. ಪಂಚಿಂಗಿಗೆ ಹೊಸಬನನ್ನು ಹಾಕಿದ. ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಿದ್ದರು. ಮೂವತ್ತರ ಆಸುಪಾಸಿನ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವ, ಬೈದರೂ ಹೊಗಳಿದರೂ ಒಂದೇ ತರ ತಲೆಯಾಡಿಸುವ ಮನುಷ್ಯ. ಅವನ ಕೈಯಲ್ಲಿ ಯಂತ್ರ ನಿಲ್ಲಲಿಲ್ಲ. ಮೂರು ವಾರ ಹಸಿರೋ ಹಸಿರು. ಮೇಸ್ತ್ರಿ ಅಂಟಿನ ಮೇಜಿನ ಮುಂದೆ, ಹೆಂಗಸರಿಬ್ಬರ ನಡುವೆ ಎತ್ತರ ಸಾಲದ ಸ್ಟೂಲಿನ ಮೇಲೆ ಕೂತು ಬ್ರಷ್ಷಿನಿಂದ ಪೆಟ್ಟಿಗೆಯ ಅಂಚಿಗೆ ಅಂಟು ಸವರುತ್ತಿದ್ದರು. ಅವನು ಆ ಕಡೆ, ಅವರಿಗೆ ಕಾಣುವ ಪಂಚಿಂಗಿನ ಹತ್ತಿರಕ್ಕೂ, ಹೋಗುವುದನ್ನೇ ಬಿಟ್ಟ. ಹೋಗಲೇಬೇಕಾದಾಗ ಫೋನು ಕಿವಿಗಿಟ್ಟುಕೊಂಡು, ಯಾರೂ ಇಲ್ಲದ ಆ ತುದಿಗೆ 'ಹ್ಞಾಂ, ಹ್ಞಾಂ' ಎನ್ನುತ್ತ ದಾಟುತ್ತಿದ್ದ.

ಇಷ್ಟರಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ನಿನ್ನೆ ಎಂಜಿನಿಯರ್ ಹುಡುಗಿ ಬಂದಿದ್ದಳು. ಮೂರು ತಿಂಗಳ ಎಲ್ಲ ಗೆರೆಗಳನ್ನೂ ಒಂದರ ಕೆಳಗೊಂದು ಜೋಡಿಸಿ ದೊಡ್ಡ ಪರದೆಯ ಮೇಲೆ ತೋರಿಸುತ್ತಿದ್ದಳು. ಕೋಣೆಯಲ್ಲಿ ಅವನು, ತಂಗಿ, ಅವಳು, ಮೂವರೇ. ಒಂದು ಕಡೆ ಬಂದು ಅವಳು ಹುಬ್ಬು ಗಂಟು ಹಾಕಿ, "ಸಾರ್, ಒಂದು ವಿಚಿತ್ರ ಇದೆ. ಮೊದಲ ಎರಡು ತಿಂಗಳು ನೋಡಿ. ಈ ಕೋಣೆಯ ಫ್ಯಾನ್ ನಿಂತಾಗೆಲ್ಲ ಪಂಚಿಂಗ್ ನಿಲ್ಲುತ್ತೆ. ಫ್ಯಾನ್ ಶುರುವಾದ್ರೆ ಪಂಚಿಂಗೂ ಶುರು. ಎರಡೂ ಒಂದೇ ಲೈನಾ? ವೈರಿಂಗ್‌ನಲ್ಲಿ ಏನಾದ್ರೂ ದೋಷ ಇರಬಹುದಾ?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಫ್ಯಾನಿನ ಕಡೆ ತಿರುಗಿ ನೋಡಿದ. ಕೋಣೆ ಬಿಡುವಾಗ ಫ್ಯಾನ್ ಆರಿಸಿ ಹೋಗುವುದು ಅಪ್ಪ ಕಲಿಸಿದ್ದು. ಅಪ್ಪ ಕಲಿಸಿದ ನೂರು ಪಾಠಗಳಲ್ಲಿ ಅವನು ತಪ್ಪದೆ ಪಾಲಿಸಿದ್ದು ಇದೊಂದೇ, ಅದೇ ಈಗ ಅವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಊಟವಾದ ಮೇಲೆ ಎರಡರಿಂದ ಮೂರೂವರೆಯವರೆಗೆ ಫ್ಯಾನಿನ ಗೆರೆ ಒಂದು ಸಲವೂ ಕಡಿಯದೆ ಓಡಿತ್ತು. ಅವನು ಮೇಜಿಗೆ ತಲೆಯಿಟ್ಟು ಮಲಗುವ ಹೊತ್ತದು. ಪಂಚಿಂಗ್ ಯಂತ್ರ ದಿನದಲ್ಲಿ ಅತಿ ಹೆಚ್ಚು ಪೆಟ್ಟಿಗೆ ಕತ್ತರಿಸಿದ್ದೂ ಅದೇ ಹೊತ್ತಿನಲ್ಲಿ. "ವೈರಿಂಗೇ ಇರಬೇಕು," ಎಂದ ಅವನು, ತನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ. "ಹಳೇ ಕಟ್ಟಡ ನೋಡಿ. ನಾಳೆಯೇ ಎಲೆಕ್ಟ್ರೀಷಿಯನ್ನನ್ನ ಕರೆಸ್ತೀನಿ." ತಂಗಿ ಡೈರಿಯಿಂದ ಮುಖ ಎತ್ತದೆ, "ಕರೆಸು. ಪಾಪ, ಅವನಿಗೂ ಕೆಲಸ ಬೇಕಲ್ಲ," ಎಂದಳು.

ಹಾಗೆ ಬಂದ ಎಲೆಕ್ಟ್ರೀಷಿಯನ್ ಬೆಳಿಗ್ಗೆ ಎಂಟರಿಂದ ಏಣಿ ಹತ್ತಿ ಇಳಿದು, ಗೋಡೆ ತಟ್ಟಿ, ಒಂದೊಂದೇ ಫ್ಯೂಸು ಕಿತ್ತು ಹಾಕಿ, ಈಗ ಬಾಗಿಲಲ್ಲಿ ನಿಂತು ಸ್ಕ್ರೂಡ್ರೈವರನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

"ಸಿಕ್ಕಿತಾ?" ಎಂದು ಅವನು ಆಸೆಯಿಂದ ಕೇಳಿದ.

"ಫ್ಯಾನಿಗೂ ಪಂಚಿಂಗಿಗೂ ಸಂಬಂಧವೇ ಇಲ್ಲ ಸಾರ್. ಬೇರೆ ಬೇರೆ ಲೈನು."

"ಸರಿಯಾಗಿ ನೋಡಿದ್ರಾ?"

"ಎರಡು ಸಲ ನೋಡಿದೆ. ಸಂಬಂಧ ಏನಾದ್ರೂ ಇದ್ರೆ ಅದು ತಂತಿಯದ್ದಲ್ಲ." ಕೋಣೆಯ ಸೆಕೆ ಅವನಿಗೂ ತಾಗಿರಬೇಕು. "ಫ್ಯಾನ್ ಹಾಕ್ಕೊಳ್ಳಿ ಸಾರ್, ಏನೂ ಆಗಲ್ಲ. ಶಾಕ್ ಹೊಡೆಯಲ್ಲ," ಎಂದು ಹೋದ.

ತಂತಿಯದ್ದಲ್ಲದ ಸಂಬಂಧ. ಅವನು ಕೂತು ಅದನ್ನು ಅಗಿದ. ತಾನು ಕೋಣೆಯಿಂದ ಇಳಿದು ಹೋಗಿ ಪಂಚಿಂಗಿನ ಪಕ್ಕ ನಿಂತಾಗೆಲ್ಲ ಮೇಸ್ತ್ರಿ ಯಂತ್ರ ನಿಲ್ಲಿಸುತ್ತಿದ್ದರು. ಇದು ಅವನಿಗೆ ಹೊಸ ವಿಷಯವೇನಲ್ಲ. ಇಪ್ಪತ್ತೆಂಟು ವರ್ಷದಿಂದ ನೋಡಿಕೊಂಡೇ ಬಂದಿದ್ದ, ಆದರೆ ಅದನ್ನು ನಿಲ್ಲುವುದು ಎಂದುಕೊಂಡಿರಲಿಲ್ಲ. ಮೇಷ್ಟರು ಬಂದಾಗ ತರಗತಿ ಎದ್ದು ನಿಲ್ಲುವುದಿಲ್ಲವೆ? ಯಜಮಾನ ಬಂದ, ಯಂತ್ರವೇ ಉಸಿರು ಬಿಗಿಹಿಡಿಯಿತು. ಆ ಕ್ಷಣಕ್ಕಾಗಿಯೇ ತಾನು ದಿನಕ್ಕೆ ಹತ್ತು ಸಲ ಕೆಳಗಿಳಿಯುತ್ತಿದ್ದೆನೆ? ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ. ಅಂಚು ಸರಿಯಿದೆಯಾ, ನಾಳೆಯ ಲಾರಿ ಎಷ್ಟಕ್ಕೆ, ಕ್ರಿಕೆಟ್ಟಿನಲ್ಲಿ ಏನಾಯಿತು, ತನ್ನ ಸಕ್ಕರೆ ಎಷ್ಟಿದೆ. ಗೌರವ ಎಂದುಕೊಂಡ. ಕೂಡಲೆ, ಗೌರವವಾಗಿದ್ದರೆ ಕೇಳಿದಾಗ ಹೇಳುತ್ತಿರಲಿಲ್ಲವೆ ಎಂಬ ಸಂಶಯ ಹುಟ್ಟಿತು. ಹಾಗಾದರೆ ತಿರಸ್ಕಾರ. ಇವನ ಎದುರಿಗೆ ಮಾಡುವ ಕೆಲಸವೂ ಒಂದು ಕೆಲಸವೆ ಎಂಬ ತಿರಸ್ಕಾರ. ಮದುವೆಯಾದ ಹೊಸದರಲ್ಲಿ ಅವನು ಅಡುಗೆಮನೆಗೆ ಹೋದಾಗಲೆಲ್ಲ ಹೆಂಡತಿ ಸೌಟು ಕೆಳಗಿಟ್ಟು ನಿಲ್ಲುತ್ತಿದ್ದಳು. ಅದನ್ನು ನಾಚಿಕೆ ಎಂದುಕೊಂಡು ಎಷ್ಟೋ ವರ್ಷ ಮನಸ್ಸಿನಲ್ಲೇ ಸವಿದಿದ್ದ. ಒಂದು ದಿನ ಅವಳೇ ಹೇಳಿದಳು: "ನೀವು ಅಡ್ಡ ನಿಂತ್ಕೊಳ್ತೀರಿ, ಉಪ್ಪಿನ ಡಬ್ಬಿ ಕೈಗೆ ಸಿಗಲ್ಲ. ನೀವು ಹೋದ ಮೇಲೆ ಮಾಡಿದ್ರಾಯ್ತು ಅಂತ." ಎಲ್ಲರೂ ತನ್ನೆದುರು ನಿಲ್ಲುವುದು ತಾನು ಹೋಗಲಿ ಎಂದು ಕಾಯುವುದಕ್ಕೋ? ಒಂದು ಸಲ ಪರೀಕ್ಷೆ ಮಾಡಿಬಿಡಬೇಕು. ಉದ್ದಣ್ಣನ ಪಕ್ಕ ಹೋಗಿ ನಿಂತರೆ ಅವನು ನಿಲ್ಲಿಸುತ್ತಾನೋ ನೋಡಬೇಕು. ಅವನು ಎದ್ದ. ಹೊರಡುವಾಗ ಅಭ್ಯಾಸಬಲದಿಂದ ಕೈ ತಾನಾಗಿ ಸ್ವಿಚ್ಚಿಗೆ ಹೋಗಿ ಒತ್ತಿತು. ಆರಿಯೇ ಇದ್ದ ಫ್ಯಾನು ತಿರುಗತೊಡಗಿತು. ಇರಲಿ ಎಂದುಕೊಂಡ. ಖಾಲಿ ಕುರ್ಚಿಗೆ ಗಾಳಿ ಬೀಸುತ್ತ ಅದು ಅವನು ಕೋಣೆಯಲ್ಲೇ ಇದ್ದಾನೆ ಎಂದು ಲೋಕಕ್ಕೆ ಸಾರುತ್ತಿರಲಿ.

ಕೆಳಗೆ ರಟ್ಟಿನ ಧೂಳಿನ ವಾಸನೆ, ಹುಳಿ ಅಂಟಿನ ವಾಸನೆ, ಪಂಚಿಂಗಿನ ಧಡ್ ಧಡ್. ಉದ್ದಣ್ಣ ಬಾಗಿ ಹಾಳೆ ಇಡುತ್ತಿದ್ದ, ತೆಗೆಯುತ್ತಿದ್ದ. ಅವನು ಬಂದದ್ದನ್ನು ಕಂಡು ತಲೆಯಾಡಿಸಿದ. ಯಂತ್ರ ನಿಲ್ಲಿಸಲಿಲ್ಲ. ಅವನು ಎಂದಿನ ಜಾಗದಲ್ಲಿ, ಯಂತ್ರದ ಎಡಪಕ್ಕದಲ್ಲಿ, ಹಾಳೆಯ ಅಟ್ಟಿಗೆ ಒರಗಿ ನಿಂತ. ಮುಂದುಗಡೆ ಕೆಲಸಗಾರನ ಕೈಗೆ ಅಡ್ಡವಾಗಿ ಒಂದು ಕಂಬಿಯಿತ್ತು, ಪಕ್ಕದಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ಯಾರೂ ನಿಲ್ಲಬಾರದು ಎಂಬುದೇ ಅಲ್ಲಿಯ ರಕ್ಷಣೆ. ನಿಲ್ಲಿಸಲಿಲ್ಲವಲ್ಲ, ಹಾಗಾದರೆ ಉದ್ದಣ್ಣನಿಗೆ ಗೌರವವಿಲ್ಲ ಎಂದು ಒಮ್ಮೆ, ಇವನಿಗೆ ತಿರಸ್ಕಾರವಿಲ್ಲ ಎಂದು ಇನ್ನೊಮ್ಮೆ ಅನ್ನಿಸಿತು. ಏನಾದರೂ ಮಾತಾಡಬೇಕಲ್ಲ. "ಮೂರು ವಾರದಿಂದ ಒಂದೂ ಕೆಂಪಿಲ್ಲ ಕಣಯ್ಯ!" ಎಂದು ಸದ್ದಿನ ಮೇಲೆ ಕೂಗಿದ. ಉದ್ದಣ್ಣ ತಲೆಯಾಡಿಸಿದ. ಗಂಟಲು ಏರಿಸಿದಷ್ಟೂ ಅವನ ಕೈಗಳೂ ಏರಿದವು. ಕೆಂಪು ಎಷ್ಟಿತ್ತು ಎಂದು ತೋರಿಸಲು ಎಡಗೈ, ಹಸಿರು ಎಷ್ಟಾಯಿತು ಎಂದು ತೋರಿಸಲು ಬಲಗೈ. ಅಂಟಿನ ಮೇಜಿನಲ್ಲಿ ಮೇಸ್ತ್ರಿ ತಲೆ ಎತ್ತಿದ್ದು ಕಣ್ಣಂಚಿಗೆ ಕಂಡಿತು. ಅವರಿಗೂ ಕೇಳಲಿ ಎಂದು ಇನ್ನೂ ಗಟ್ಟಿಯಾಗಿ, "ಕೆಲಸ ಅಂದ್ರೆ ಇದು!" ಎಂದ. ಎನ್ನುವಾಗ ಉದ್ದಣ್ಣ ಇಟ್ಟ ಹಾಳೆ ಒಂದು ಬೆರಳಿನಷ್ಟು ವಾರೆಯಾಗಿ ಕೂತದ್ದು ಕಂಡಿತು. ಮೇಲ್ವಿಚಾರಕನಾದವನು ಕಂಡದ್ದನ್ನು ಬಿಡಬಾರದು. "ಏಯ್, ಇದು ಓರೆ..." ಎಂದು ಕೈ ಚಾಚಿದ.

"ಕೈ ತೆಗಿಯೋ!"

ಆ ಕೂಗು ಕಿವಿಗೆ ಬೀಳುವ ಮೊದಲೇ ಮೈಗೆ ಬಿದ್ದಿತ್ತು. ಕೈ ಅವನನ್ನು ಕೇಳದೆ ಎದೆಗೆ ಬಂದು ಅಂಟಿಕೊಂಡಿತು. ಹಲಗೆಗಳು ಮುಚ್ಚಿದವು, ತೆರೆದವು. ದೀಪಗಳು ಆರಿದವು. ಗೋಡೆಯ ದೊಡ್ಡ ಸ್ವಿಚ್ಚನ್ನು ಮೇಸ್ತ್ರಿ ಎಳೆದಿದ್ದರು. ಕರೆಂಟು ಹೋದ ಮೇಲೂ ಯಂತ್ರದ ಭಾರದ ಚಕ್ರ ತಿರುಗಿ, ಇನ್ನೊಮ್ಮೆ ನಿಧಾನವಾಗಿ ಬಾಯಿ ಮುಚ್ಚಿ, ತೆರೆದು, ನಿಂತಿತು. ಒಳಗೆ ವಾರೆಯಾಗಿ ಕತ್ತರಿಸಿದ ಒಂದು ಪೆಟ್ಟಿಗೆ ಬಿದ್ದಿತ್ತು. ಬೇರೇನೂ ಇರಲಿಲ್ಲ. ಅವನು ಬೆರಳುಗಳನ್ನು ಎಣಿಸಿದ, ಬಲಗೈಯವನ್ನು ಎರಡು ಸಲ. ಇಡೀ ಕಾರ್ಖಾನೆಯಲ್ಲಿ ಸದ್ದಿಲ್ಲದ ಆ ಹೊತ್ತಿನಲ್ಲಿ ಅವನ ಜೇಬಿನೊಳಗೆ ಮೊಬೈಲು ಟಿಂಗ್ ಎಂದಿತು, ಮತ್ತೆ ಟಿಂಗ್ ಎಂದಿತು. ಎಲ್ಲ ಯಂತ್ರಗಳೂ ನಿಂತಿವೆ, ಗಮನಿಸಿ ಎಂದು ಅದು ಅವನಿಗೆ ವರದಿ ಒಪ್ಪಿಸುತ್ತಿತ್ತು. ವಿಚಿತ್ರವೆಂದರೆ ಆಗ ಅವನ ತಲೆಯಲ್ಲಿ ಇದ್ದದ್ದು ಹೆದರಿಕೆಯಲ್ಲ, ಆ 'ಯೋ'. ಮೇಸ್ತ್ರಿ ಅವನನ್ನು ಯಾವತ್ತೂ ಏಕವಚನದಲ್ಲಿ ಕರೆದವರಲ್ಲ. ಎಲ್ಲರೆದುರು ತನ್ನನ್ನು ಹೋಗೋ ಬಾರೋ ಎಂದರಲ್ಲ ಎಂದು ಒಳಗೆಲ್ಲೋ ಒಬ್ಬ ಗುಮಾಸ್ತ ದೂರು ಬರೆದುಕೊಳ್ಳುತ್ತಿದ್ದ. ಬೆರಳು ಎಣಿಸಿಕೊಂಡ ಮನುಷ್ಯನಿಗೂ ಆ ಗುಮಾಸ್ತನಿಗೂ ಪರಿಚಯವೇ ಇದ್ದಂತಿರಲಿಲ್ಲ.

ಮೇಸ್ತ್ರಿ ಕೈಯಲ್ಲಿದ್ದ ಅಂಟಿನ ಬ್ರಷ್ಷನ್ನೂ ಇಡದೆ ಬಂದರು. ಅವನ ಕಡೆ ನೋಡಲಿಲ್ಲ. ಉದ್ದಣ್ಣನ ಎದುರು ನಿಂತು, "ಅವರು ಬಂದ್ರೆ ನಿಲ್ಲಿಸ್ಬೇಕು ಅಂತ ನಿನಗೆ ಮೊದಲ ದಿನಾನೇ ಹೇಳಿರ್ಲಿಲ್ವಾ?" ಎಂದರು. 

"ಹೇಳಿದ್ರಿ." ಉದ್ದಣ್ಣನ ಮುಖ ರಟ್ಟಿನ ಬಣ್ಣಕ್ಕೆ ತಿರುಗಿತ್ತು. "ನಿಲ್ಲಿಸಿದ್ರೆ ಮೊಬೈಲಲ್ಲಿ ಕೆಂಪು ಬರುತ್ತಲ್ಲ ಮೇಸ್ತ್ರಿ. ಕೆಂಪು ಬಂದಿದ್ದಕ್ಕೇ ತಾನೇ ನಿಮ್ಮನ್ನ ಅಲ್ಲಿ ಕೂರಿಸಿದ್ದು."

ಅಂಟಿನ ಮೇಜಿನ ಹೆಂಗಸರು, ಮಡಿಸುವ ಯಂತ್ರದವರು, ಕಟ್ಟು ಕಟ್ಟುವವರು, ಯಾರೂ ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಹೊಸಬರು ಕೆಲಸಕ್ಕೆ ಸೇರಿದ ದಿನ ಕಕ್ಕಸು ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ ಎಂದು ಹೇಳಿಕೊಡುವಾಗ, ಯಜಮಾನರು ಹತ್ತಿರ ಬಂದರೆ ಯಂತ್ರ ಆರಿಸು ಎಂದೂ ಹೇಳಿಕೊಡುತ್ತಿದ್ದರು. ಕಾರ್ಖಾನೆಗೆ ಅವನು ಕೊಟ್ಟ ಒಂದೇ ಒಂದು ನಿಯಮ ಅದು. ಅದು ಗೊತ್ತಿಲ್ಲದವನು ಅವನೊಬ್ಬನೇ. ಅಷ್ಟರಲ್ಲಿ ತಂಗಿ ಮೊಬೈಲು ಹಿಡಿದುಕೊಂಡೇ ಓಡಿ ಬಂದಳು. ಅಣ್ಣನ ಮುಖ, ಎದೆಗೆ ಒತ್ತಿಕೊಂಡ ಕೈ, ಬಾಯಿ ತೆರೆದು ನಿಂತ ಯಂತ್ರ ನೋಡಿ ಏನೂ ಕೇಳದೆ ಅವನ ಕೈ ಹಿಡಿದು ಬಿಡಿಸಿ ನೋಡಿದಳು. ಐದೂ ಇವೆ ಎಂದು ಖಾತ್ರಿಯಾದ ಮೇಲೆ ಆ ಕೈಯ ಮೇಲೆಯೇ ಪಟ್ಟನೆ ಒಂದು ಏಟು ಕೊಟ್ಟಳು.

ಹಾಳೆಯ ಅಟ್ಟಿಯ ಮೇಲೆ ಅವನನ್ನು ಕೂರಿಸಿದರು. ಯಾರೋ ನೀರು ಕೊಟ್ಟರು. ಅರ್ಧ ಕುಡಿದು ಅರ್ಧ ಚೆಲ್ಲಿಕೊಂಡು, "ಯಾವಾಗಿನಿಂದ?" ಎಂದು ಕೇಳಿದ.

ಮೇಸ್ತ್ರಿ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದರು. "ನಿಮ್ಮ ತೋಳು ಹರಿದಿತ್ತಲ್ಲ, ಅವತ್ತಿನಿಂದ."

ಅಂಗಿಯ ತೋಳು. ಅವನಿಗೆ ಇಪ್ಪತ್ತನಾಲ್ಕಾಗಿತ್ತು, ಕಾರ್ಖಾನೆಗೆ ಬಂದು ಎರಡನೆಯ ವಾರ. ಆ ಕಥೆಯನ್ನು ಅವನು ಮದುವೆಮನೆಗಳಲ್ಲಿ, ರೈಲುಗಳಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದಿರುವಾಗಲೂ ಹೇಳಲು ನೋಡಿದ್ದ. ಅವನ ಕಥೆಯಲ್ಲಿ ಯಂತ್ರ ಬಾಯಿ ಮುಚ್ಚುತ್ತಿರುವಾಗ ಅವನು ಮಿಂಚಿನ ಹಾಗೆ ಕೈ ಎಳೆದುಕೊಳ್ಳುತ್ತಾನೆ, ತೋಳು ಮಾತ್ರ ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸಿ ಹೋಗುತ್ತದೆ, ಕೇಳಿದವರು ಅಬ್ಬಾ ಎನ್ನುತ್ತಾರೆ. ಈಗ ನೀರಿನ ಲೋಟ ಹಿಡಿದುಕೊಂಡು ಕೂತಾಗ, ಆ ಮಿಂಚಿಗೂ ತನಗೂ ಎಂದೂ ಸಂಬಂಧವಿರಲಿಲ್ಲವೆಂದು, ತನ್ನ ಮೊಣಕೈಯನ್ನು ಯಾರೋ ಬಲವಾಗಿ ಹಿಡಿದು ಹಿಂದಕ್ಕೆ ಎಳೆದ ನೋವು ಒಂದು ವಾರ ಇತ್ತೆಂದು ನೆನಪಾಯಿತು. ಇಷ್ಟು ವರ್ಷ ಅವನ ಕಥೆಯಲ್ಲಿ ಮೇಸ್ತ್ರಿಗೆ ಒಂದು ಸಣ್ಣ ಪಾತ್ರವೂ ಇರಲಿಲ್ಲ.

"ಅವತ್ತು ಸಂಜೆ ನಿಮ್ಮಪ್ಪ ನನ್ನ ಕರೆದು ಹೇಳಿದ್ರು," ಎಂದರು ಮೇಸ್ತ್ರಿ. "'ಅವನು ಮಾತಾಡೋವಾಗ ಕೈ ಅವನ ಹಿಡಿತದಲ್ಲಿರಲ್ಲ. ಹೇಳಿದ್ರೆ ಕೇಳೋನೂ ಅಲ್ಲ. ಬಂದ್ರೆ ಯಂತ್ರ ನಿಲ್ಲಿಸಿಬಿಡು, ಹೋದ ಮೇಲೆ ಶುರು ಮಾಡು. ಎಷ್ಟು ನಷ್ಟ ಆದ್ರೂ ಆಗಲಿ.' ನಾನೂ ಹಾಗೇ ಮಾಡ್ಕೊಂಡು ಬಂದೆ."

"ಅವತ್ತು ನಾನು ಕೇಳಿದಾಗ ಹೇಳ್ಬಹುದಿತ್ತಲ್ಲ ಮೇಸ್ತ್ರಿಗಳೇ?"

ಮೇಸ್ತ್ರಿ ಬ್ರಷ್ಷಿನಲ್ಲಿ ಒಣಗುತ್ತಿದ್ದ ಅಂಟನ್ನು ಬೆರಳಿನಿಂದ ಕೀಳುತ್ತ, "ಎಲ್ಲರ ಎದುರು ಕೇಳಿದ್ರಿ. ಎಲ್ಲರ ಎದುರು ಹೇಗೆ ಹೇಳೋದು?" ಎಂದರು.

ಅವನಿಗೆ ಹೇಳಬೇಕಾದ ಮಾತು ಒಂದೇ ಇತ್ತು. ಅದು ಒಂದೇ ಶಬ್ದದ್ದು, ಕನ್ನಡಿಯ ಮುಂದೆ ಅಭ್ಯಾಸ ಮಾಡುವ ಅಗತ್ಯವೂ ಇಲ್ಲದ್ದು.  ತಪ್ಪಾಯ್ತು ಎನ್ನಲು ಬಾಯಿ ತೆರೆದ. "ಆ ಸ್ಟೂಲು ನಿಮಗೆ ಎತ್ತರ ಸಾಲಲ್ಲ," ಎಂದುಬಿಟ್ಟ. ಹೇಳಿದ ಮೇಲೆ ತಾನು ಎಂಥವನು ಎಂದು ಅಸಹ್ಯವಾಗಿ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಒಂಬತ್ತು ಜನರೂ ಬೇರೆ ಬೇರೆ ದಿಕ್ಕಿಗೆ ನೋಡಿದರು. ಅವರಿಗೆ ಅವನ ಮಾನ ಕಾಯುವುದು ಅಷ್ಟು ಅಭ್ಯಾಸವಾಗಿತ್ತು. ಕಣ್ಣು ಬಿಟ್ಟು ನೋಡಿದರೆ ಮೇಸ್ತ್ರಿ ಇನ್ನೂ ಅಲ್ಲೇ ಕೂತಿದ್ದರು. ಹಾಗಾಗಿ ಎರಡನೆಯ ಸಲ ಹೇಳಲು ಅವಕಾಶ ಸಿಕ್ಕಿತು. "ತಪ್ಪಾಯ್ತು," ಎಂದ. "ಎಲ್ಲರ ಎದುರೇ ಹೇಳ್ತಿದ್ದೀನಿ. ನಾಳೆಯಿಂದ... ಅಲ್ಲ, ಈಗಿನಿಂದ್ಲೇ ನೀವು ಪಂಚಿಂಗಿಗೆ ಬನ್ನಿ."

"ಬರ್ತೀನಿ. ನೀವು?"

"ನಾನೇನು?"

"ನೀವೂ ಬರ್ತೀರಲ್ಲ, ಹತ್ತು ಸಲ."

ಮೊದಲು ನಕ್ಕವಳು ತಂಗಿ. ಆಮೇಲೆ ಅಂಟಿನ ಮೇಜಿನ ಹೆಂಗಸರು ಸೆರಗಿನಲ್ಲಿ, ಆಮೇಲೆ ಎಲ್ಲರೂ. ಉದ್ದಣ್ಣ ಮಾತ್ರ ತಲೆಯಾಡಿಸಿದ. ತಂಗಿ ಅಲ್ಲೇ ನಿಂತು ಎಂಜಿನಿಯರ್ ಹುಡುಗಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಪಂಚಿಂಗಿನ ಪಕ್ಕಕ್ಕೆ ಬೆಳಕಿನ ಪರದೆ ಅಂತ ಒಂದು ಹಾಕಬಹುದು ಮೇಡಂ, ಕೈ ಅಡ್ಡ ಬಂದರೆ ಕರೆಂಟು ಕಡಿದು, ಬ್ರೇಕು ಬಿದ್ದು, ಯಂತ್ರ ಆ ಕ್ಷಣಕ್ಕೇ ನಿಲ್ಲುತ್ತದೆ, ಮೊಬೈಲಿಗೂ ತಿಳಿಸುತ್ತದೆ, ನಿಮ್ಮಂಥ ಸಣ್ಣ ಕಾರ್ಖಾನೆಯವರು ಎಷ್ಟೋ ಜನ ಹಾಕಿಸಿದ್ದಾರೆ ಎಂದಳು ಅವಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ತಂಗಿ ಕೇಳಿದ್ದಕ್ಕೆ, "ಅಲ್ಲಿ ಯಾರೂ ನಿಲ್ಲಲ್ಲ ಅಂತ ಸಾರ್ ಹೇಳಿದ್ರು," ಎಂದಳು. ಅವನಿಗೆ ಅದೂ ನೆನಪಾಯಿತು. ಹಾಗೆ ಹೇಳುವಾಗ ಅವನು ಅಲ್ಲೇ ನಿಂತಿದ್ದ.

"ಅದು ಬರಲಿ, ಒಳ್ಳೇದೇ," ಎಂದರು ಮೇಸ್ತ್ರಿ. "ಅಲ್ಲಿವರೆಗೂ ಇದು." ಪೆಟ್ಟಿಗೆಗಳ ಮೇಲೆ ಗುರುತು ಹಾಕುವ ಹಳದಿ ಬಣ್ಣದ ಡಬ್ಬಿ ತರಿಸಿ, ಯಂತ್ರದಿಂದ ನಾಲ್ಕು ಹೆಜ್ಜೆ ಅಳೆದು, ಬಗ್ಗಿ ನೆಲದ ಮೇಲೆ ಒಂದು ಗೆರೆ ಎಳೆದರು. ಅರವತ್ತೇಳರ ಬೆನ್ನು ನಡುವೆ ಎರಡು ಸಲ ನಿಂತು ಸುಧಾರಿಸಿಕೊಂಡಿತು. ಸಹಾಯಕ್ಕೆ ಬಗ್ಗಿದ ಅವನನ್ನು, "ನೀವು ಬೇಡ, ಕೈ ಬಣ್ಣ ಆಗುತ್ತೆ," ಎಂದು ತಡೆದರು. ಗೆರೆ ಸ್ವಲ್ಪ ಸೊಟ್ಟಗಾಯಿತು. ಅವನು ಅದನ್ನು ಕಂಡ. ಹೇಳಲಿಲ್ಲ.

ದೊಡ್ಡ ಸ್ವಿಚ್ಚು ಹಾಕಿದರು. ಮೇಸ್ತ್ರಿ ಕನ್ನಡಕ ಇಳಿಸಿ, ಯಂತ್ರದ ಮೈಯನ್ನು ಒಮ್ಮೆ ಬಟ್ಟೆಯಿಂದ ಒರೆಸಿ, ಹಾಳೆ ಇಟ್ಟರು. ಧಡ್ ಧಡ್ ಶುರುವಾಯಿತು. ಎಲ್ಲರೂ ಅವರವರ ಜಾಗಕ್ಕೆ ಹೋದರು, ತಂಗಿ ಮೇಲೆ ಹೋದಳು. ಅವನು ಹಳದಿ ಗೆರೆಯ ಈಚೆ ನಿಂತಿದ್ದ. ಹೋಗಬೇಕು, ಆದರೆ ಹೀಗೇ ಹೋದರೆ ಏನೋ ಉಳಿದುಹೋಗುತ್ತದೆ ಅನ್ನಿಸಿತು. ಅಪ್ಪನ ವಿಷಯ ಕೇಳಬೇಕಿತ್ತು. 'ಎಷ್ಟು ನಷ್ಟ ಆದರೂ ಆಗಲಿ' ಎಂದದ್ದು ನಿಜವೆ, ಹಾಗೇ ಅಂದರಾ, ಯಾವ ದನಿಯಲ್ಲಿ ಅಂದರು? ಅಪ್ಪ ಅವನಿಗೆ ಜೀವನದಲ್ಲಿ ಅಂಥ ಮಾತು ಹೇಳಿದ್ದು ಅವನಿಗೆ ನೆನಪಿರಲಿಲ್ಲ. "ಮೇಸ್ತ್ರಿಗಳೇ, ಅಪ್ಪ ಅವತ್ತು..." ಎಂದು ಕೂಗಿದ. ಮೇಸ್ತ್ರಿ ಅವನ ಕಡೆ ತಿರುಗಿ ಕಿವಿಯ ಹತ್ತಿರ ಕೈ ಆಡಿಸಿದರು, ಕೇಳಿಸುತ್ತಿಲ್ಲ ಎಂದು. ಅವನು ಇನ್ನೂ ಗಟ್ಟಿಯಾಗಿ ಕೂಗಿದ. ಅವರು ಹಾಳೆ ತೆಗೆದು, ಹಾಳೆ ಇಟ್ಟು, "ಆಮೇಲೆ!" ಎಂದರು.

ಯಂತ್ರ ನಿಲ್ಲಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ಎದುರಿಗೆ ನಿಂತು ಮಾತಾಡುತ್ತಿರುವಾಗ ಮೇಸ್ತ್ರಿ ಅದನ್ನು ನಿಲ್ಲಿಸಲಿಲ್ಲ. ಒಂದು ಪೆಟ್ಟಿಗೆ ಬಿತ್ತು, ಇನ್ನೊಂದು ಬಿತ್ತು, ಒಂದೂ ವಾರೆಯಿರಲಿಲ್ಲ. ಎದೆಯೊಳಗೆ ಏನೋ ಸಣ್ಣದು ಮುರಿದ ಹಾಗೂ ಆಯಿತು, ಬಹಳ ದಿನದಿಂದ ಹಿಡಿದಿದ್ದ ಉಸಿರು ಬಿಟ್ಟ ಹಾಗೂ ಆಯಿತು. ಅವನು ಅಲ್ಲೇ ನಿಂತು ನೋಡಿದ. ಹೇಳಲು ಬಾಯಿಗೆ ಬಂದದ್ದೆಲ್ಲ ಒಂದೊಂದಾಗಿ ಕಾದು ಸುಸ್ತಾಗಿ ಹಿಂದಕ್ಕೆ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಅವನಿಗೆ ತನ್ನ ಕೈಗಳು ಎಲ್ಲಿವೆ ಎಂದು ನೋಡಿಕೊಳ್ಳಬೇಕು ಅನ್ನಿಸಿತು. ಅವು ಬೆನ್ನ ಹಿಂದಿದ್ದವು. ಎಡಗೈ ಬಲಗೈಯನ್ನು, ರಸ್ತೆ ದಾಟುವಾಗ ದೊಡ್ಡವರು ಮಗುವಿನ ಕೈ ಹಿಡಿಯುವ ಹಾಗೆ, ಗಟ್ಟಿಯಾಗಿ ಹಿಡಿದುಕೊಂಡಿತ್ತು.